ಗಮ್ ಕಾಣದ ಎಲ್ಬೊ

ಮತ್ತೆ ಮಂಜು, ಕನ್ನಡಕದ ಒಳಗೆ ಮಂಜು, ಉಸಿರು ಬಿಟ್ಟರೆ ಸಾಕು ನೀರಿನ ಒತ್ತಡ ತೋರಿಸುವ ಗೇಜಿನ ಮುಳ್ಳು ಎರಡಾಗಿ ಕಾಣುತ್ತದೆ ಅವಳಿಗೆ, ಒಂದು ಹತ್ತರ ಮೇಲೆ, ಇನ್ನೊಂದು ಎಲ್ಲೋ — ತೆಗೆದು ಒರೆಸಿಕೊಳ್ಳಬಹುದು, ಬೇಡ, ಪೈಪ್ ತುಂಬ ನೀರು ಒತ್ತಿ ನಿಂತಿರುವಾಗ ತೆಗೆಯಬಾರದು, ಪೈಪಿನ ಬಾಯಿಗೆ ಹಾಕಿದ ಬಿರಡೆ ಹಾರಿ ಬಂದರೆ ಕಣ್ಣೇ ಹೋಯಿತು, ಅಪ್ಪನಿಗೆ ಹೋದ ಹಾಗೆ, ಅಪ್ಪನದು ಬಿರಡೆಯಲ್ಲ, ಗೋಡೆ ಕೊರೆಯುವಾಗ ಸಿಡಿದ ಚಕ್ಕೆ, ಒಂದೇ ನಿಮಿಷದ ಕೆಲಸ ಅದಕ್ಯಾಕೆ ಕನ್ನಡಕ ಅಂದನಂತೆ, ಆ ಒಂದು ನಿಮಿಷಕ್ಕೆ ಬಲಗಣ್ಣು ಕೊಟ್ಟು ಬಂದ ಮಹಾನುಭಾವ, ಈಗ ದಿನಾ ಬೆಳಿಗ್ಗೆ ಅವಳ ಚೀಲಕ್ಕೆ ಕೈಹಾಕಿ ತಡವುತ್ತಾನೆ, ಕೈಗವಸು ಇದೆಯಾ, ಕನ್ನಡಕ ಇದೆಯಾ, ಪಾನಾ ಮರೆತರೆ ಯಾರದ್ದಾದ್ರೂ ಇಸ್ಕೋಬಹುದು ಮಗಳೇ, ಕಣ್ಣು ಇಸ್ಕೊಳ್ಳೋಕಾಗಲ್ಲ. ಸರಿ ಕಣಪ್ಪಾ, ಸರಿ. ಅರ್ಧ ಗಂಟೆ ಮುಳ್ಳು ಅಲ್ಲಾಡದೆ ನಿಂತರೆ ಮೇಲಿನ ಮಹಡಿಯ ಎರಡೂ ಬಚ್ಚಲ ಪೈಪಿನ ಕೆಲಸ ಅವಳೊಬ್ಬಳದೇ, ಮೇಸ್ತ್ರಿ ಬಾಯಿಬಿಟ್ಟು ಹೇಳಿದ್ದಾನೆ, ನಿಲ್ಲದಿದ್ದರೆ ಮತ್ತೆ ಸುತ್ತಿಗೆ ಉಳಿ ಹಿಡಿದು ಬೇರೆಯವರ ಪೈಪಿಗೆ ಗೋಡೆ ಒಡೆಯುವುದು, ನಾಲ್ಕು ವರ್ಷ ಒಡೆದದ್ದು ಸಾಲದೇ — ಹನ್ನೊಂದು ನಿಮಿಷ ಆಯಿತು.

ನಿನ್ನೆ ಹನ್ನೆರಡನೆಯ ನಿಮಿಷಕ್ಕೇ ಮುಳ್ಳು ಜಾರಿದ್ದು, ಜಾಸ್ತಿ ಏನಿಲ್ಲ, ಕೂದಲೆಳೆಯಷ್ಟು, ಮೇಸ್ತ್ರಿ ಟೀ ಕುಡಿಯಲು ಹೋಗಿದ್ದ, ಗಾರೆಯವನು ಸಿಮೆಂಟ್ ಕಲಸಿಕೊಂಡು ಗೋಡೆ ಮುಚ್ಚಲು ಕಾದಿದ್ದ, ಪೈಪಿಗೆ ನೀರು ಒತ್ತುವ ಪಂಪಿನ ಹಿಡಿಕೆ ಎರಡು ಸಲ ಒತ್ತಿದ್ದರೆ ಮುಳ್ಳು ಮತ್ತೆ ಹತ್ತಕ್ಕೆ, ನರಪಿಳ್ಳೆಗೂ ಗೊತ್ತಾಗುತ್ತಿರಲಿಲ್ಲ, ಕೈ ಹಿಡಿಕೆಯ ಮೇಲೇ ಇತ್ತಲ್ಲವೇ, ಇತ್ತು, ಸುಳ್ಳು ಯಾಕೆ. ಆದರೆ ಗೋಡೆಯೊಳಗೆ ಹೂತ ನೀರು ಸುಮ್ಮನಿರುತ್ತದೆಯೇ, ನಾಳೆ ಯಾರೋ ಬಂದು ಸಂಸಾರ ಹೂಡಿ, ಮಗುವಿನ ತೊಟ್ಟಿಲನ್ನು ಅದೇ ಗೋಡೆಗೆ ಒರಗಿಸಿ — ಕೈಗವಸು ಕಿತ್ತು ಒಣಗೈಯಲ್ಲಿ ಒಂದೊಂದೇ ಜಾಯಿಂಟ್ ಸವರಿದಳು, ಇಪ್ಪತ್ತಮೂರಕ್ಕೂ ಕೆಂಪು ಪೆನ್ಸಿಲಿನ ಗುರುತು, ಪೈಪ್ ಅಂಟಿಸುವ ಗಮ್ ಹಚ್ಚಿದ ಮೇಲೆ ಹಾಕುವ ಗುರುತು, ಹದಿನೇಳನೆಯದು, ಪೈಪ್ ಮೂಲೆಯಲ್ಲಿ ತಿರುಗುವ ಕಡೆಯ ಎಲ್ಬೊ, ಅದು ಮಾತ್ರ ತೇವ. ಗುರುತಿದೆ, ಗಮ್ ಇಲ್ಲ. ಗಮ್ ಇಲ್ಲದೆಯೂ ಬಿಗಿಯಾಗಿ ಕೂರುತ್ತದೆ ಹಾಳಾದ್ದು, ಮೊನ್ನೆ ಅಳತೆ ನೋಡಲು ಒಣದಾಗಿ ಜೋಡಿಸಿದ್ದು, ಬಿಚ್ಚಿ ಹಚ್ಚಬೇಕು ಅನ್ನುವಷ್ಟರಲ್ಲಿ ಅಪ್ಪನ ಫೋನು, ಕನ್ನಡಕ ಹಾಕ್ಕೊಂಡಿದ್ದೀಯಾ, ಹಾಕ್ಕೊಂಡಿದ್ದೀನಪ್ಪಾ ಅನ್ನುತ್ತ ಇನ್ನೊಂದು ಕೈ ತನ್ನಷ್ಟಕ್ಕೆ ಗುರುತು ಎಳೆದುಬಿಟ್ಟಿದೆ. ನಗಬೇಕೋ ಅಳಬೇಕೋ. ಟೀ ಮುಗಿಸಿ ಬಂದವನಿಗೆ ಹೇಳಿಯೇಬಿಟ್ಟಳು, ಮೇಸ್ತ್ರಿ, ಹದಿನೇಳಕ್ಕೆ ಗಮ್ ಹಾಕಿಲ್ಲ, ನಾನೇ ಮರೆತೆ. ಅಪ್ಪನ ಹೆಸರೆತ್ತಲಿಲ್ಲ. ಕಲಸಿದ ಸಿಮೆಂಟ್ ನಿನ್ನ ತಲೆ ಮೇಲೆ ಸುರೀಲಾ ಅಂದ ಗಾರೆಯವನು, ಮೇಸ್ತ್ರಿ ಎಲ್ಬೊ ಮುಟ್ಟಿ, ಬೆರಳು ಪ್ಯಾಂಟಿಗೆ ಒರೆಸಿಕೊಂಡು, ನೀನು ಹೇಳದೆ ಇದ್ದಿದ್ರೆ ನಂಗೆ ಗೊತ್ತಾಗ್ತಿತ್ತಾ ಅಂದ. ಇಲ್ಲ ಅಂದಳು. ಹೂಂ, ಕತ್ತರಿಸಿ ಹೊಸದು ಹಾಕು, ರಾತ್ರಿಯೆಲ್ಲ ಒಣಗಲಿ, ನಾಳೆ ನೋಡೋಣ.

ಇವತ್ತು ಹನ್ನೆರಡು ದಾಟಿತು, ದಾಟಿತೇ, ದಾಟಿತು, ಹೆಲ್ಮೆಟ್ಟಿನ ಪಟ್ಟಿ ಗಲ್ಲಕ್ಕೆ ಕಚ್ಚುತ್ತಿದೆ, ಕಚ್ಚಲಿ, ಗಾರೆಯವನು ಕರಣೆ ಹಿಡಿದು ಬಾಗಿಲಲ್ಲಿ, ಇವತ್ತು ಕಲಸಲಾ ತಾಯಿ ಇಲ್ಲಾ ಮನೆಗೆ ಹೋಗಿ ಮಲಗಲಾ, ತಡಿಯಣ್ಣಾ ಒಂಚೂರು, ಇಪ್ಪತ್ತು, ಕಾಲು ಜೋಮು ಹಿಡಿದಿದೆ, ಇಪ್ಪತ್ತೆರಡು, ಇಷ್ಟು ಹೊತ್ತು ಪಕ್ಕದಲ್ಲೇ ಕೂತಿದ್ದ ಮೇಸ್ತ್ರಿ ಎದ್ದು ಮೆಟ್ಟಿಲ ಕಡೆಗೆ ಹೊರಟ, ಎಲ್ಲಿಗೆ ಮೇಸ್ತ್ರಿ ಇನ್ನೂ ಎಂಟು ನಿಮಿಷ ಇದೆ, ಟೀಗೆ, ನೀನು ನೋಡ್ತಿದ್ದೀಯಲ್ಲ ಇನ್ನು ನಾನ್ಯಾಕೆ, ಅಂದವನೇ ಇಳಿದೇ ಹೋದ, ತಿರುಗಿ ಕೂಡ ನೋಡಲಿಲ್ಲ ಪುಣ್ಯಾತ್ಮ, ಎದೆ ತುಂಬಿ ಬಂತು, ಕನ್ನಡಕ ಇನ್ನಷ್ಟು ಮಂಜಾಯಿತು, ಈಗ ಅಳಬೇಡ ಕಣೇ, ಏನೂ ಕಾಣಲ್ಲ, ಇಪ್ಪತ್ತೊಂಬತ್ತು, ಉಸಿರು ಬಿಗಿಹಿಡಿದಳು, ಮಂಜು ಅಂಚಿನಿಂದ ಕರಗುತ್ತ ಬಂತು, ಮೂವತ್ತು, ಮೂವತ್ತೊಂದು, ಕಲಸಣ್ಣಾ ಅನ್ನಬೇಕು, ಏಳಬೇಕು, ಮೇಲಿನ ಮಹಡಿ, ಎರಡು ಬಚ್ಚಲು — ಒಂದೇ ಮುಳ್ಳು, ಹತ್ತರ ಮೇಲೆ, ಒಂದೇ ಮುಳ್ಳು —