ಬಾಲದ ಚಾರ್ಲಿ ಬರುವ ತನಕ

ಮನೆಯ ಮಕ್ಕಳು ಬೈಕ್ ಕೊಂಡ ದಿನದಿಂದ ತಾಯಿಗೆ ನಿದ್ದೆ ಹತ್ತುವುದಿಲ್ಲ. ಇದು ಯಾವ ಊರಿಗೂ ಹೊಸದಲ್ಲ. ಆಸ್ಟ್ರೇಲಿಯಾದ ಬ್ರೂಥನ್ ಊರಿನ ಗ್ಲೆನಿಸ್ ಟ್ಯಾರಂಟ್‌ಗಂತೂ ಹೆದರಲು ಇನ್ನೊಂದು ಕಾರಣವಿತ್ತು. ಆಕೆ ಆಸ್ಪತ್ರೆಯ ಅಡುಗೆಮನೆಯಲ್ಲಿ ಕೆಲಸ ಮಾಡುವವಳು. ಅಲ್ಲಿನ ನರ್ಸ್‌ಗಳು ಬೈಕ್ ಸವಾರರಿಗೆ ಇಟ್ಟ ಹೆಸರು ‘ತಾತ್ಕಾಲಿಕ ಆಸ್ಟ್ರೇಲಿಯನ್ನರು’. ಇವತ್ತು ಇದ್ದಾರೆ, ನಾಳೆ ಹೇಳಲಾಗದು ಎಂದು ಅರ್ಥ. ಮಗಳು ಟೆಸ್ಸಾ ಆ ಗುಂಪಿಗೆ ಸೇರಿದ ಮೇಲೆ ಗ್ಲೆನಿಸ್ ಆ ತಮಾಷೆಗೆ ನಗುವುದನ್ನು ಬಿಟ್ಟಿದ್ದಳು.

ಅವತ್ತು ಭಾನುವಾರ. ಬೆಳಗ್ಗೆಯೇ ಬಿಸಿಲು ಚುರುಗುಟ್ಟುತ್ತಿತ್ತು. ಬೈಕ್‌ಗಳ ಗುಂಪು ಬೆಟ್ಟದ ಕಾಡುದಾರಿ ಹಿಡಿದು ಒಮಿಯೋ ಊರಿಗೆ ಹೊರಡುವುದರಲ್ಲಿತ್ತು. ಟೆಸ್ಸಾ ದಪ್ಪ ಚರ್ಮದ ಜಾಕೆಟ್ ಏರಿಸಿಕೊಂಡು ಅಂಗಳದಲ್ಲೇ ಬೆವರುತ್ತಿದ್ದಳು.

"ಈ ಸೆಕೆಗೆ ಅದನ್ನ ಹಾಕೊಂಡ್ರೆ ಒಳಗೇ ಬೆಂದು ಹೋಗ್ತೀಯ ಕಣೇ. ತೆಳ್ಳಗಿನ ಅಂಗಿ ಹಾಕೋ" ಎಂದಳು ಗ್ಲೆನಿಸ್.

"ಬೇಡ ಬೇಡ" ಎಂದ ಪಕ್ಕದ ಮನೆಯ ನೆವ್ ಓಟ್ಲಿ. ನಲವತ್ತು ವರ್ಷದಿಂದ ಬೈಕ್ ಓಡಿಸುತ್ತಿರುವ ಮನುಷ್ಯ. "ಬೆವರು ಒರೆಸ್ಕೋಬಹುದು. ಜಲ್ಲಿ ಉಜ್ಜಿದ್ರೆ ಚರ್ಮ ವಾಪಸ್ ಬರಲ್ಲ. ಪೂರ್ತಿ ಉಡುಪು, ಪೂರ್ತಿ ಹೊತ್ತು. ನಮ್ಮೋರ ಮಾತು ಇದು."

"ನಿಮ್ಮೋರ ಮಾತು, ನಿಮ್ಮೋರ ಹೆಸರು. ದೊಡ್ಡೋರಾಗಿ ಮಕ್ಕಳಾಟ ಆಡ್ತೀರ."

"ಹಾಗಾದ್ರೆ ಬಂದು ನೋಡು. ಇವತ್ತು ನಾನೇ ಬಾಲದ ಚಾರ್ಲಿ. ಹಿಂದಿನ ಸೀಟು ಖಾಲಿ ಇದೆ."

ಗುಂಪಿನ ಕಟ್ಟಕಡೆಯ ಸವಾರನನ್ನು ಅವರು ಕರೆಯುವುದು ಹಾಗೆ. ಅವನಿಗಿಂತ ಹಿಂದೆ ಯಾರೂ ಇರಕೂಡದು. ಮಗಳ ಮೇಲೆ ಕಣ್ಣಿಟ್ಟಂತೆಯೂ ಆಯಿತು ಎಂದುಕೊಂಡು ಗ್ಲೆನಿಸ್ ನೆವ್‌ನ ಹೆಂಡತಿಯ ಹೆಲ್ಮೆಟ್ಟು, ಜಾಕೆಟ್ಟು ತೊಟ್ಟು ಹತ್ತಿ ಕೂತಳು.

ಹೊರಡುವ ಮುಂಚೆ ಟ್ರೆಂಟ್ ಎಂಬ ಬಡಗಿ ಟೆಸ್ಸಾಳ ಟೈರಿನ ಮುಂದೆ ಕುಕ್ಕರಗಾಲಲ್ಲಿ ಕೂತು ಹಲ್ಲು ಕಿರಿದ.

"ಏನ್ ಟೆಸ್, ಕೋಳಿಪಟ್ಟಿ ಇಷ್ಟು ಅಗಲ ಇದೆ? ಮೊಟ್ಟೆ ಗಿಟ್ಟೆ ಇಡ್ತೀಯೋ ಹೇಗೆ?"

ತಿರುವಿನಲ್ಲಿ ಬೈಕನ್ನು ಚೆನ್ನಾಗಿ ವಾಲಿಸದವರ ಟೈರಿನ ಎರಡೂ ಅಂಚು ಸವೆಯದೆ ಹೊಸದರಂತೆ ಉಳಿಯುತ್ತವೆ. ಆ ಅಂಚೇ ಕೋಳಿಪಟ್ಟಿ, ಅಂದರೆ ಪುಕ್ಕಲರ ಗುರುತು. ಎಲ್ಲರೂ ನಕ್ಕರು. ಟೆಸ್ಸಾ ಕೂಡ ನಕ್ಕಳು, ಆದರೆ ಮುಖ ಕೆಂಪಾಗಿದ್ದು ತಾಯಿಗೆ ಕಂಡಿತು.

"ನಿನ್ನ ಸವಾರಿ ನೀನು ಮಾಡು ಕಣಮ್ಮ. ಇನ್ನೊಬ್ಬರದ್ದಲ್ಲ" ಎಂದ ನೆವ್.

ಊರು ದಾಟಿ ಕಾಡು ಹೊಕ್ಕರು. ಫೋನಿನ ಸಿಗ್ನಲ್ ಸತ್ತುಹೋಯಿತು. ಮುಂದಿನ ಬೈಕ್‌ಗಳು ಯಾವಾಗಲೋ ಕಣ್ಮರೆಯಾಗಿದ್ದವು. ದಾರಿ ಒಡೆಯುವ ಮೊದಲ ಕವಲಿನಲ್ಲಿ ಒಬ್ಬ ಸವಾರ ಬೈಕ್ ನಿಲ್ಲಿಸಿಕೊಂಡು, ಬಲಗೈ ಚಾಚಿ ಸುಮ್ಮನೆ ನಿಂತಿದ್ದ. ನೆವ್‌ನನ್ನು ಕಂಡೊಡನೆ ತಲೆಯಾಡಿಸಿ ಮುಂದೆ ಹೋದ.

"ಅವನ್ಯಾಕೆ ಕಂಬದ ಹಾಗೆ ನಿಂತಿದ್ದ?"

"ಕವಲು ಕಾಯ್ತಿದ್ದ. ಮುಂದಾಳಿನ ಹಿಂದೆ ಇರೋನು ಕವಲಲ್ಲಿ ನಿಂತು ಎಲ್ಲರಿಗೂ ದಾರಿ ತೋರಿಸ್ಬೇಕು. ಚಾರ್ಲಿ ಬರೋ ತನಕ ಜಾಗ ಬಿಡಂಗಿಲ್ಲ. ನಾನು ಬಂದೆ, ಅವನು ನನ್ನ ಮುಂದೆ ಹೊರಟ."

ಎರಡನೆಯ ಕವಲಿನಲ್ಲಿ ನೀಲಿ ಹೆಲ್ಮೆಟ್ಟಿನ ಟೆಸ್ಸಾ ಕಾಯುತ್ತಿದ್ದಳು. ಅಮ್ಮನಿಗೆ ಕೈಬೀಸಿ ಹೊರಟವಳು ಬೈಕನ್ನು ಒಮ್ಮೆಲೇ ಎಗರಿಸಿಕೊಂಡು ಹೋದಳು. ಮೊದಲ ತಿರುವಿನಲ್ಲೇ ಬೈಕ್ ನೆಲಕ್ಕೆ ತಾಗುವಷ್ಟು ವಾಲಿತು. ನೆವ್ ಏನೋ ಗೊಣಗಿದ.

ಮೂರನೆಯ ಕವಲಿನಲ್ಲಿ ಇದ್ದವನು ಟ್ರೆಂಟ್. ನೆರಳಿಲ್ಲದ ಜಾಗ. ಮುಖದ ತುಂಬ ನೊಣ.

"ಟೆಸ್ ಈಗಷ್ಟೇ ಹೋದ್ಳಾ?" ನೆವ್ ಕೇಳಿದ.

"ಇಲ್ಲ. ನೀಲಿ ಹೆಲ್ಮೆಟ್ ದಾಟಿಲ್ಲ."

ಗ್ಲೆನಿಸ್ ನಂಬಲಿಲ್ಲ. "ನಮ್ಮ ಮುಂದೇನೇ ಹೋದ್ಳಲ್ಲ. ನೀನು ಆ ಕಡೆ ತಿರುಗಿದ್ದಾಗ ಹೋಗಿರ್ತಾಳೆ. ನಡಿ ನೆವ್, ಮುಂದೆ ನೋಡೋಣ."

"ನಾನು ಬಂದಾಗಿನಿಂದ ಕದಲಿಲ್ಲ ಗ್ಲೆನಿಸ್. ನೀರು ಕುಡಿಯೋಕೂ ತಿರುಗಿಲ್ಲ. ಅವಳು ದಾಟಿಲ್ಲ."

"ದಾಟಿಲ್ಲ ಅಂದ್ರೆ ಮುಗೀತು. ಮಧ್ಯದಲ್ಲೇ ಎಲ್ಲೋ ಬಿದ್ದಿದ್ದಾಳೆ. ನಾವು ಕಾಣದೆ ದಾಟಿ ಬಂದಿದ್ದೀವಿ" ಎಂದು ನೆವ್ ಬೈಕ್ ತಿರುಗಿಸಿದ.

ಟ್ರೆಂಟ್ ಬೈಕ್ ಹತ್ತಲು ಹೋದ. "ನಾನೂ ಬರ್ತೀನಿ ನೆವ್. ಅವಳನ್ನ ರೇಗಿಸಿದ್ದು ನಾನು."

"ನೀನು ಇಲ್ಲೇ ಇರು. ನಾನು ಬರದೇ ಇದ್ರೆ ಮುಂದಿನವರೆಲ್ಲ ವಾಪಸ್ ಬರ್ತಾರೆ. ಎಲ್ಲಿ ಹುಡುಕ್ಬೇಕು ಅಂತ ಹೇಳೋಕೆ ಒಬ್ಬ ಬೇಕು."

ಟ್ರೆಂಟ್ ಮತ್ತೆ ಬಿಸಿಲಿಗೆ ನಿಂತ.

ತಿರುವು ತಿರುವಿಗೂ ನಿಲ್ಲಿಸಿ, ಇಳಿದು, ಅಂಚಿಗೆ ಬಗ್ಗಿ ನೋಡಿದರು. ಗ್ಲೆನಿಸ್ ಮಗಳ ಹೆಸರು ಕೂಗುತ್ತಲೇ ಇದ್ದಳು. ಸ್ವಲ್ಪ ಹೊತ್ತಿಗೆ ಬೆಟ್ಟದ ಮೇಲಿನಿಂದ ಸದ್ದು ಕೇಳಿತು. ಒಂದೊಂದಾಗಿ ಬೈಕ್‌ಗಳು ವಾಪಸ್ ಬಂದವು. ಯಾರೂ ಕರೆದಿರಲಿಲ್ಲ, ಫೋನು ಮಾಡಿರಲಿಲ್ಲ. ಚಾರ್ಲಿ ಬರಲಿಲ್ಲ ಎಂಬುದೊಂದೇ ಅವರಿಗೆ ಸಿಕ್ಕ ಸುದ್ದಿ. ತಿರುವಿಗೊಬ್ಬರಂತೆ ಹಂಚಿಕೊಂಡು ನಿಂತರು. ನೆವ್ ಕೈಯೆತ್ತಿ ಕುತ್ತಿಗೆಯ ಮುಂದೆ ಆಡಿಸಿದ. ಎಲ್ಲ ಎಂಜಿನ್‌ಗಳೂ ಒಟ್ಟಿಗೆ ನಿಂತವು.

ಕಾಡು ಒಮ್ಮೆಗೇ ಮೌನವಾಯಿತು. ಅಷ್ಟು ಗದ್ದಲದ ಜನ ಉಸಿರು ಬಿಗಿಹಿಡಿದು ತನ್ನ ಮಗಳಿಗಾಗಿ ಕಿವಿಗೊಟ್ಟಿರುವುದನ್ನು ಗ್ಲೆನಿಸ್ ಕಂಡಳು.

ಕೆಳಗೆ ಜರೀಗಿಡಗಳ ಒಳಗಿಂದ ಕ್ಷೀಣವಾಗಿ ಹಾರ್ನ್ ಕೇಳಿತು.

ರಸ್ತೆಗೆ ಉದುರಿದ್ದ ಮರದ ತೊಗಟೆಯ ಮೇಲೆ ಚಕ್ರ ಜಾರಿ ಟೆಸ್ಸಾ ಡಾಂಬರಿನ ಮೇಲೆ ಉಜ್ಜಿಕೊಂಡು ಹೋಗಿ ಕಣಿವೆಗೆ ಬಿದ್ದಿದ್ದಳು. ಕಾಲಿನ ಮೇಲೆ ಬೈಕ್, ಸುತ್ತ ಸೋರಿದ ಪೆಟ್ರೋಲ್. ಮೇಲಿನ ರಸ್ತೆಗೆ ಏನೂ ಕಾಣುತ್ತಿರಲಿಲ್ಲ. ಹಗ್ಗ ಕಟ್ಟಿಕೊಂಡು ಇಳಿದರು. ಒಬ್ಬ ಆಂಬುಲೆನ್ಸ್‌ಗೆ ಹೇಳಲು ಸಿಗ್ನಲ್ ಸಿಗುವ ದಿಬ್ಬಕ್ಕೆ ಬೈಕ್ ಓಡಿಸಿದ.

"ಮಮ್, ಬೈಯಬೇಡ" ಎಂದಳು ಟೆಸ್ಸಾ.

ಗ್ಲೆನಿಸ್ ಬೈಯಲಿಲ್ಲ. ಜಾಕೆಟ್ಟಿನ ಭುಜವನ್ನು ಮುಟ್ಟಿ ನೋಡಿದಳು. ಚರ್ಮ ಸವೆದು ಒಳಗಿನ ಬಟ್ಟೆ ಕಾಣುತ್ತಿತ್ತು. ಅದರ ಕೆಳಗೆ ಮಗಳ ತೋಳು ತರಚಿಯೂ ಇರಲಿಲ್ಲ. ಕೊರಳೆಲುಬು ಮುರಿದಿತ್ತು, ಕಾಲು ಊದಿತ್ತು, ಜೀವ ಇತ್ತು. ತೆಳ್ಳಗಿನ ಅಂಗಿ ಹಾಕಿಕೋ ಎಂದಿದ್ದವಳು ತಾನೇ ಎಂಬುದು ನೆನಪಾಗಿ ಆಕೆ ಅತ್ತಳು.

ಆಂಬುಲೆನ್ಸ್ ಹೊರಡುವ ಹೊತ್ತಿಗೆ ಟ್ರೆಂಟ್‌ನನ್ನು ಕರೆತಂದರು. ಬಿಸಿಲಿಗೆ ಮುಖ ಸುಟ್ಟಿತ್ತು. ಟೆಸ್ಸಾಳ ಮುಂದೆ ತಲೆ ತಗ್ಗಿಸಿ ನಿಂತ.

"ಟೈರಿನ ಮಾತು ಆಡಬಾರದಿತ್ತು, ಟೆಸ್. ಇನ್ನು ಯಾರಿಗೂ ಆಡಲ್ಲ" ಎಂದ.

ಗ್ಲೆನಿಸ್ ಅವನ ಕೈ ಹಿಡಿದುಕೊಂಡಳು. "ಮುಂದೆ ಹೋಗೋಣ ಅಂತ ನಾನು ಹಟ ಹಿಡಿದಿದ್ದೆ. ನಿನ್ನ ಮಾತಿನ ಮೇಲೆ ನಿನಗೇ ಒಂದು ಚೂರು ಅನುಮಾನ ಬಂದಿದ್ರೆ ನಾವು ಒಮಿಯೋ ತನಕ ಹೋಗಿಬಿಡ್ತಿದ್ವಿ."

"ನಿಂತಿದ್ದೆ ಅಷ್ಟೇ, ಗ್ಲೆನಿಸ್" ಎಂದ ಅವನು.

ಓದುಗರೇ, ನೀವೂ ಗೆಳೆಯರ ಜೊತೆ ಬೈಕ್ ಹತ್ತಿ ಘಾಟಿಗೋ ಸಮುದ್ರಕ್ಕೋ ಹೊರಡುತ್ತೀರಿ. ಸೆಕೆ ಎಂದು ಜಾಕೆಟ್ ಬಿಚ್ಚಬೇಡಿ. ನಿಧಾನ ಹೋಗುವವರನ್ನು ರೇಗಿಸಬೇಡಿ, ರೇಗಿಸಿದರು ಎಂದು ಬೈಕನ್ನು ವಾಲಿಸಬೇಡಿ. ಹೊರಡುವ ಮೊದಲೇ ಕೊನೆಯವರು ಯಾರೆಂದು ಗೊತ್ತುಮಾಡಿಕೊಳ್ಳಿ. ಕವಲು ಕಾಯುವ ಸರದಿ ನಿಮ್ಮದಾದರೆ, ಬಿಸಿಲಿರಲಿ ಮಳೆಯಿರಲಿ, ಮುಂದಿನವರು ಎಷ್ಟೇ ದೂರ ಹೋಗಿರಲಿ, ಕೊನೆಯವರ ಮುಖ ಕಾಣುವ ತನಕ ಅಲ್ಲಿಂದ ಕದಲಬೇಡಿ. ಯಾರದೋ ಮಗಳು ಎಲ್ಲಿ ಬಿದ್ದಿದ್ದಾಳೆ ಎಂದು ಹೇಳಬಲ್ಲವರು ಆ ಕಾಡಿನಲ್ಲಿ ನೀವೊಬ್ಬರೇ.