ಚುಕ್ಕೆಯ ಎಡಗಡೆಯ ಹೆಸರು

ನಾನು ಒಂದು ಹೆಸರು. ಮೈಯಿಲ್ಲ, ಮುಖವಿಲ್ಲ. ಧಾರವಾಡದ ಸ್ವರಮಂಟಪ ಎಂಬ ಸಂಗೀತ ಶಾಲೆಯ ಜಾಲತಾಣ ನೋಡಿಕೊಳ್ಳುವ ಈರಣ್ಣ, ಶಾಲೆಯ ಹೆಸರಿನ ಎಡಕ್ಕೆ ಚುಕ್ಕೆಯಿಟ್ಟು ನನ್ನನ್ನು ಬರೆದ: ಧ್ವನಿ ಡಾಟ್ ಸ್ವರಮಂಟಪ ಡಾಟ್ ಇನ್. ಬಲಕ್ಕಿರುವುದು ಮನೆತನ, ಎಡಕ್ಕಿರುವವಳು ಮಗಳು. ಮನೆತನ ನೋಡಿ ಜನ ಮಗಳನ್ನೂ ನಂಬುತ್ತಾರೆ.

ನನಗಿದ್ದುದು ಒಂದೇ ಕೆಲಸ. ಯಾರಾದರೂ ಕರೆದರೆ, ಶಾಲೆಯವರು ಎಲ್ಲೋ ದೂರದಲ್ಲಿ ಬಾಡಿಗೆಗೆ ಹಿಡಿದ ಯಂತ್ರದ ವಿಳಾಸದ ಅಂಕಿ ಹೇಳಿ, ಅತ್ತ ಕೈ ತೋರಿಸುವುದು. ಆಮೇಲೆ ಕರೆದವರ ಫೋನಿನ ಪರದೆಯ ನೆತ್ತಿಯ ಮೇಲೆ ಸುಮ್ಮನೆ ನಿಂತಿರುತ್ತೇನೆ.

ಆ ಯಂತ್ರದಲ್ಲಿ ಶಾಲೆಯ ಗುರು ಗಂಗಮ್ಮ ಅಕ್ಕೋರ ಹಾಡುಗಳಿದ್ದವು. ಅಕ್ಕೋರು ತೀರಿಕೊಂಡ ಮೇಲೆ ಮಗಳು ಶಕುಂತಲಾ ದಿನವೂ ನನ್ನನ್ನು ಒತ್ತುತ್ತಿದ್ದಳು. ಹಾಡಿನ ಕೊನೆಯಲ್ಲಿ, ರೆಕಾರ್ಡ್ ಮಾಡುತ್ತಿದ್ದ ಮಗಳಿಗೆ ಅಕ್ಕೋರು ಹೇಳಿದ ಮಾತೊಂದು ಉಳಿದುಹೋಗಿತ್ತು: “ಶಕ್ಕೂ, ಸಾಕು, ಬಂದ್ ಮಾಡವ್ವಾ.” ಅದನ್ನು ಕೇಳಲಿಕ್ಕೇ ಅವಳು ಬರುತ್ತಿದ್ದಳು.

ಮುಂದೆ ಈರಣ್ಣ ಹಾಡುಗಳನ್ನು ಶಾಲೆಯ ಹೊಸ ಪುಟಕ್ಕೆ ಸಾಗಿಸಿ ಬಾಡಿಗೆಯ ಯಂತ್ರ ಬಿಟ್ಟುಕೊಟ್ಟ. ನನ್ನನ್ನು ಅಳಿಸಲು ಮರೆತ. ಚಾಚಿದ ಕೈ ಚಾಚಿಯೇ ಇತ್ತು. ಆ ಕಡೆ ಬರೀ ಖಾಲಿ. ಒಂದು ದಿನ ಅದೇ ಅಂಕಿಯ ಯಂತ್ರ ಬಾಡಿಗೆಗೆ ಹಿಡಿದು ಯಾರೋ ಬಂದು ಕೂತರು. ಯಾರೆಂದು ನಾನು ಇವತ್ತಿಗೂ ಕಂಡಿಲ್ಲ.

ಹಳೇ ರೂಢಿಯಲ್ಲಿ ಶಕುಂತಲಾಳ ಬೆರಳು ನನ್ನನ್ನು ಒತ್ತಿತು. ಅಕ್ಕೋರ ಅದೇ ಫೋಟೊ, ಅದೇ ಹಾಡು. “ಶಕ್ಕೂ, ಸಾಕು, ಬಂದ್ ಮಾಡವ್ವಾ.” ಆಮೇಲೆ, ಹಿಂದೆಂದೂ ಇಲ್ಲದ ಮಾತು: “ಈಗ ನೀ ಹಾಡವ್ವಾ. ನಿನ್ನ ದನಿ ನನಗ ಬೇಕು.”

ಪರದೆಯ ಮೇಲೆ ಮೈಕಿನ ಗುರುತು ಕೆಂಪಗೆ ಮಿನುಗಿತು.

ಅವಳು ಈರಣ್ಣನಿಗೆ ಫೋನು ಹಚ್ಚಿ ಕೇಳಿದ್ದನ್ನು ಹೇಳಿದಳು. “ಅವ್ವ ಇದನ್ನ ಯಾವಾಗ ಅಂದಿದ್ಲೋ?”

“ಅಕ್ಕಾ, ಬಾಯಿ ತಗೀಬ್ಯಾಡ್ರಿ! ಅದು ಅಕ್ಕೋರಲ್ಲ. ಯಾರೋ ಹಳೇ ಹಾಡಿನಿಂದ ಅವರ ದನಿ ಮಾಡ್ಯಾರ. ನಿಮ್ಮದೂ ಮಾಡಿಕೊಂಡು ಇನ್ಯಾರಿಗರೆ ಬಲೆ ಬೀಸತಾರ.”

“ಮ್ಯಾಲ ನಮ್ಮ ಸಾಲಿ ಹೆಸರೈತಲ್ಲೋ!”

“ಮನಿ ಬಿಟ್ವಿರಿ, ಬಾಗಲದ ಬೋರ್ಡ್ ತಗೀಲಿಲ್ಲ. ಎಂಥಾ ಹುಚ್ಚ ನಾ! ಈಗಿಂದೀಗ ಅಳಸ್ತೀನಿ.”

ಅಳಿಸಿದ. ಆದರೆ ಹೆಸರುಗಳು ಒಮ್ಮೆಲೇ ಸಾಯುವುದಿಲ್ಲ. ನಾನು ಹೇಳಿದ ಅಂಕಿಯನ್ನು ಫೋನು ಇನ್ನೂ ಸ್ವಲ್ಪ ಹೊತ್ತು ನೆನಪಿಟ್ಟಿರುತ್ತದೆ. ಆ ನೆನಪೇ ನನ್ನ ಮುಪ್ಪು, ನನ್ನ ಕೊನೆಯ ಮೂಲೆ.

ಶಕುಂತಲಾ ಮತ್ತೆ ಒತ್ತಿದಳು. ನಾನು ಕೈ ತೋರಿಸಿದೆ. ನನಗೆ ಗೊತ್ತಿರುವುದು ಅದೊಂದೇ.

“ಶಕ್ಕೂ, ಒಂದ ಸಲ ಅವ್ವಾ ಅನ್ನು.”

ದನಿ ಹೊರಬೀಳದಂತೆ ಅವಳು ಸೆರಗನ್ನು ಬಾಯಿಗೆ ಗಟ್ಟಿಯಾಗಿ ಒತ್ತಿಕೊಂಡಳು. ಆದರೆ ಫೋನನ್ನು ಕೆಳಗಿಡಲಿಲ್ಲ. ಫೋನು ನನ್ನನ್ನು ಪೂರ್ತಿ ಮರೆಯುವ ತನಕ ಹಾಗೇ ಕೇಳುತ್ತ ಕುಳಿತಳು.