ಹೋರಿಯನ್ನು ಹಳಿದ ಮಾತು

ಗುರುಪ್ರಕಾಶ ಬೈಕು ನಿಲ್ಲಿಸಿ ಪುಟ್ಟರಂಗಯ್ಯನವರ ಮನೆ ಯಾವುದೆಂದು ಕೇಳಿದಾಗ, ಜಗಲಿಯ ಪಕ್ಕದಲ್ಲಿ ಕರುವಿನ ಮೈ ಉಜ್ಜುತ್ತಿದ್ದ ಹೆಂಗಸು ಕೈ ನಿಲ್ಲಿಸಿದಳು.

"ಯಾವ ಪುಟ್ಟರಂಗಯ್ಯ? ದನಗಳ ಸುಳಿ ನೋಡೋರಾ?"

"ಹೂಂ, ಅವರೇ."

"ಈಗೇನೂ ನೋಡಾಕಿಲ್ಲ ಬುಡಿ ಅವ್ರು. ಆ ಹುಣಸೆಮರದ ಪಕ್ಕದ ಹೆಂಚಿನ ಮನೆ." ಹೇಳಿದವಳು ಒಂದು ಗಳಿಗೆ ಅನುಮಾನಿಸಿ, ಗೋಣಿತಾಟನ್ನು ಎಳೆದುಕೊಂಡು ಕರುವಿನ ಮೇಲೆ ಹೊದಿಸಿದಳು. ಬಿಸಿಲು ಚುರುಗುಟ್ಟುತ್ತಿತ್ತು. ಅವನು ನೋಡುತ್ತಲೇ ಇದ್ದುದರಿಂದ, "ನೀವು ವಾಪಸ್ ಹೋಗೋವಾಗ ಅವ್ರೂ ಜತೇಲಿ ಬಂದ್ರೆ ಅಂತ," ಎಂದಳು.

ಹಾಗಲವಾಡಿಗೆ ಅವನು ಬಂದದ್ದು ಇದೇ ಮೊದಲು. ಕ್ಯಾತ್ಸಂದ್ರದ ಕಾಲೇಜೊಂದರಲ್ಲಿ ಕಾಮರ್ಸ್ ಪಾಠ ಮಾಡುವ ಗುರುಪ್ರಕಾಶ ತುಮಕೂರಿನ ಪೇಟೆಯಲ್ಲಿ ಬೆಳೆದವನು. ದನದ ಹಗ್ಗ ಹಿಡಿದವನಲ್ಲ. ಆದರೂ ಆರು ವರ್ಷದ ಹಿಂದೆ ಫೇಸ್‌ಬುಕ್ಕಿನಲ್ಲಿ ನಾಟಿ ದನ ಸಾಕುವವರ ಬಳಗವೊಂದನ್ನು ಶುರುಮಾಡಿದ್ದ. ಕುಣಿಗಲ್ಲಿನವರು, ಗುಬ್ಬಿಯವರು, ಹೆಸರೇ ಕೇಳದ ಊರುಗಳವರು ಸೇರಿ ಈಗ ಹನ್ನೊಂದು ಸಾವಿರ ಜನ. ನಿಯಮಗಳನ್ನು ಅವನೇ ಬರೆದಿದ್ದ. ಮೊದಲನೆಯದು, ಒಬ್ಬರ ದನವನ್ನು ಇನ್ನೊಬ್ಬರು ಹೀಗಳೆಯಬಾರದು. ಬೇರೆ ಗುಂಪುಗಳಲ್ಲಿ ಅಪ್ಪ ಅಮ್ಮಂದಿರನ್ನೆಲ್ಲ ಎಳೆದಾಡುವುದನ್ನು ನೋಡಿದ್ದವನಿಗೆ ತನ್ನ ಬಳಗದ ಮರ್ಯಾದೆಯ ಬಗ್ಗೆ ಸಣ್ಣ ಹೆಮ್ಮೆಯಿತ್ತು.

ಯುಗಾದಿ ಕಳೆದ ವಾರ ಸಿ.ಎಸ್. ಪುರದ ಚನ್ನೇಶ ತನ್ನ ಎರಡು ವರ್ಷದ ಹೋರಿಯ ಫೋಟೋ ಹಾಕಿದ್ದ. ಸಂಜೆಯೊಳಗೆ ನಾನೂರು ಜನ ಹೊಗಳಿದ್ದರು. ಬೆಂಕಿ, ಸೂಪರ್ ಬ್ರೋ, ಜಿಲ್ಲೆಗೇ ಒಂದು ಹೋರಿ. ಆ ಸಾಲಿನ ನಡುವೆ ಚುಕ್ಕೆ ಚಿಹ್ನೆಗಳಿಲ್ಲದ ಒಂದು ಮಾತು ಬಂದು ಕೂತಿತು: ಕೊಂಬು ಸೊಟ್ಟ ಕಾಲು ಕಡ್ಡಿ ಇದೇನು ಹೋರಿಯೋ ಕತ್ತೆಯೋ. ಬರೆದವರು ಪುಟ್ಟರಂಗಯ್ಯ. ತಾತ ಕನ್ನಡಕ ಹಾಕ್ಕೊ ಎಂದರು ಕೆಲವರು. ನಿಮ್ಮನೇಲಿ ಮೇಕೆನಾದ್ರೂ ಐತಾ ಎಂದರು ಇನ್ನು ಕೆಲವರು. ಚನ್ನೇಶ ಗುರುಪ್ರಕಾಶನಿಗೆ ಫೋನು ಮಾಡಿ, "ರೂಲ್ಸ್ ಅಂದ್ಮೇಲೆ ಎಲ್ರಿಗೂ ಒಂದೇ ಅಲ್ವಾ ಸರ್?" ಎಂದ. ಹೌದೆನಿಸಿತು. ತಮ್ಮ ಭಾಷೆ ಬಳಗದ ಘನತೆಗೆ ತಕ್ಕುದಲ್ಲ ಎಂದು ಎಲ್ಲರಿಗೂ ಕಾಣುವಂತೆ ಬರೆದು, ಗುರುಪ್ರಕಾಶ ಅವರನ್ನು ಹೊರಗೆ ಹಾಕಿದ.

ಹನ್ನೆರಡನೆಯ ದಿನ ಹೋರಿ ಹೊಟ್ಟೆ ಉಬ್ಬರಿಸಿಕೊಂಡು, ಡಾಕ್ಟರು ಬರುವಷ್ಟರಲ್ಲಿ ಸತ್ತಿತು. ಹಸಿ ಜೋಳದ ಮೇವು ಜಾಸ್ತಿಯಾಗಿತ್ತು ಎಂದರು ಡಾಕ್ಟರು. ಯಾರೋ ಸತ್ತ ಹೋರಿಯ ಚಿತ್ರದ ಪಕ್ಕಕ್ಕೆ ಪುಟ್ಟರಂಗಯ್ಯನವರ ಮಾತನ್ನೂ ಮುಖವನ್ನೂ ಅಂಟಿಸಿ, ಮೇಲೆ 'ಕರಿನಾಲಿಗೆ' ಎಂದು ಬರೆದರು. ಗುರುಪ್ರಕಾಶ ಅದನ್ನು ಬಳಗದಿಂದ ಒಂದೇ ದಿನಕ್ಕೆ ತೆಗೆದ. ಜನರ ಫೋನುಗಳಿಂದ ತೆಗೆಯುವುದು ಅವನ ಕೈಯಲ್ಲಿರಲಿಲ್ಲ.

ಅದಾಗಿ ಮೂರು ತಿಂಗಳ ಮೇಲೆ, ಹೋದ ವಾರ, ಚನ್ನೇಶನ ತಾಯಿ ಸರ್ವಮಂಗಳಮ್ಮ ಫೋನು ಮಾಡಿದ್ದರು.

"ಮೇಷ್ಟ್ರೇ, ನಮ್ ಹುಡುಗ ಈಗ ತೋರಿಸ್ದ ನಂಗೆ. ನಾನೂರು ಜನ ಚೆನ್ನಾಗೈತೆ ಚೆನ್ನಾಗೈತೆ ಅಂದವ್ರೆ. ಆ ಯಜಮಾನ್ರು ಒಬ್ರು ದೃಷ್ಟಿ ತೆಗ್ದವ್ರೆ. ಒಳ್ಳೆ ಕರ ಕಂಡ್ರೆ ದೃಷ್ಟಿ ಆಗ್ಬಾರ್ದು ಅಂತ ಹಂಗೇ ಅಲ್ವಾ ಬೈಯೋದು? ನಮ್ಮಪ್ಪಾರೂ ಹಂಗೇ ಅಂತಿದ್ರು. ಗೊತ್ತಿರ್ಲಿಲ್ವಾ ನಿಮ್ಗೆ?"

ಗೊತ್ತಿರಲಿಲ್ಲ. ದೃಷ್ಟಿಯನ್ನು ಅವನು ನಂಬುವವನೂ ಅಲ್ಲ. ಆದರೆ ಅಂದಿನಿಂದ ಬೋರ್ಡಿನ ಮೇಲೆ ಬರೆಯುವಾಗ, ಬಸ್ಸಿಗೆ ಕಾಯುವಾಗ, ಆ ಸಾಲು ಅವನ ಬಾಯಿಗೆ ತಾನಾಗಿ ಬರುತ್ತಿತ್ತು. ಇದೇನು ಹೋರಿಯೋ ಕತ್ತೆಯೋ. ಮೊಮ್ಮಗುವಿನ ಕೆನ್ನೆ ಹಿಂಡುವವರ ದನಿಯಲ್ಲಿ ಅಂದುಕೊಂಡರೆ ಅದು ಬೇರೆಯೇ ಮಾತಾಗುತ್ತಿತ್ತು. ಅಷ್ಟು ದಿನ ಅದನ್ನು ತಾನು ಯಾವ ದನಿಯಲ್ಲಿ ಓದಿದ್ದೆ, ಆ ದನಿ ಯಾರದು ಎಂಬುದು ತಿಳಿಯುತ್ತಿರಲಿಲ್ಲ.

ಸರ್ವಮಂಗಳಮ್ಮನೇ ದಾರಿ ಹೇಳಿದ್ದರು. "ನಮ್ಮನೇಲಿ ಇನ್ನೊಂದು ಹೋರಿಗರ ಹುಟ್ಟೈತೆ. ಅವ್ರನ್ನ ಕರ್ಕೊಂಡ್ ಬನ್ನಿ. ನಾಕ್ ಜನದ ಮುಂದೆ ನೋಡಿ ಬೈಲಿ. ಹೋರಿ ಹೋದ ಮನೆಯೋರೇ ಕರೆಸ್ದ್ರು ಅಂದ್ರೆ ಊರೋರ ಬಾಯಿ ಮುಚ್ತೈತೆ."

ಹುಣಸೆಮರದ ಪಕ್ಕದ ಮನೆಯ ಜಗಲಿಯಲ್ಲಿ ಪುಟ್ಟರಂಗಯ್ಯ ಹಗ್ಗ ಹೊಸೆಯುತ್ತಿದ್ದರು. ಇವನು ಹೆಸರು ಹೇಳುತ್ತಲೇ ಎದ್ದು ನಿಂತರು.

"ಅಡ್ಮಿನ್ ಸಾಹೇಬ್ರಾ? ಕುಂತ್ಕಳಿ ಸಾ."

ಅವನು ಕೂರಲಿಲ್ಲ. ತಪ್ಪಾಯಿತು ಎಂದ. ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದಿದ್ದ ಮಾತುಗಳಲ್ಲಿ ಅದೊಂದೇ ಉಳಿದಿತ್ತು.

"ಅಯ್, ನಂದೇ ಬುಡಿ ತೆಪ್ಪು. ನಂಗೆ ಬರೆಯಾಕೆ ಬರಾಕಿಲ್ಲ ಸಾ. ಮೈಕ್ ಒತ್ಬುಟ್ಟು ಮಾತಾಡ್ತೀನಿ, ಅದೇ ಬರ್ಕಳ್ತದೆ. ನಗ್ತಾ ಅಂದಿದ್ದೆ. ನಗೂನ ಅದು ಬರ್ಕಳಾಕಿಲ್ಲ." ಹೊಸೆದ ಹಗ್ಗವನ್ನು ಸುತ್ತಿಟ್ಟರು. "ನಲವತ್ತು ವರ್ಸ ಸುಳಿ ನೋಡಿದೀನಿ. ಈ ಹೋಬ್ಳೀಲಿ ನನ್ನ ಕೇಳ್ದೆ ಯಾರೂ ಕರ ತಂದಿರ್ನಿಲ್ಲ. ಮೊನ್ನೆ ಮಗಳ ಮನೇಲಿ ಹಸ ಈಯ್ತು. ಅಳಿಯ ಫೋನ್ ಮಾಡ್ದ, ಮಾವ ಒಂದೆರಡ್ ತಿಂಗ್ಳು ಈ ಕಡೆ ಬರ್ಬ್ಯಾಡಿ ಅಂತ. ಒಳ್ಳೆಯವ್ನೇ ಪಾಪ. ಮರ್ಯಾದೆಯಾಗೇ ಅಂದ."

ಗುರುಪ್ರಕಾಶ ಸರ್ವಮಂಗಳಮ್ಮನ ಮಾತನ್ನು ತಿಳಿಸಿದ. ಬರುವುದಿಲ್ಲವೆಂದು ಅವರು ಎರಡು ಸಲ ತಲೆಯಾಡಿಸಿದರು.

"ಹೋರಿ ಹೋಯ್ತಲ್ಲ, ಆ ಮನೆ ತಾಯೇ ಕರೆದವ್ರಾ?"

"ಅವರೇ."

ಒಳಗೆ ಹೋಗಿ ಒಗೆದ ಅಂಗಿ ಹಾಕಿಕೊಂಡು ಬಂದರು. ಬೈಕು ಬೀದಿ ದಾಟುವಾಗ ಹೆಗಲ ಟವೆಲನ್ನು ಹಣೆಯಿಂದ ಕೆಳಕ್ಕೆ ಎಳೆದುಕೊಂಡದ್ದು ಕನ್ನಡಿಯಲ್ಲಿ ಕಂಡಿತು. ಗುಬ್ಬಿ ದಾಟಿದ ಮೇಲೆ ಅದನ್ನು ಸರಿಸಿ, ಎರಡೂ ಕಡೆಯ ತೋಟಗಳನ್ನು ನೋಡುತ್ತಾ ಬಂದರು.

ಸಿ.ಎಸ್. ಪುರದ ಮನೆಯ ಮುಂದೆ ಸರ್ವಮಂಗಳಮ್ಮ ಅಕ್ಕಪಕ್ಕದ ಏಳೆಂಟು ಜನರನ್ನು ಸೇರಿಸಿಟ್ಟಿದ್ದರು. ನೀರು ಬೆಲ್ಲ ಕೊಟ್ಟರು. ಚನ್ನೇಶ ಮುಂದೆ ಬಂದು, "ತಾತ, ಬೇಜಾರ್ ಮಾಡ್ಕೋಬೇಡಿ," ಎಂದು ನೆಲಕ್ಕೆ ಹೇಳಿದ.

"ಬೇಜಾರೇನ್ಲಾ ಮಗ."

"ನೋಡ್ಬುಟ್ಟು ಹೇಳಿ ಯಜಮಾನ್ರೇ," ಎಂದ ಪಕ್ಕದ ಮನೆಯ ಚಿಕ್ಕಮಾರಯ್ಯ, "ಈ ಸಲ ಕತ್ತೆನೋ ಕುದುರೆನೋ?"

ಎಲ್ಲರೂ ನಕ್ಕರು. ಪುಟ್ಟರಂಗಯ್ಯನವರೂ ನಕ್ಕರು.

ಇಪ್ಪತ್ತು ದಿನದ ಕರು. ನೀಳ ಕಾಲು, ಬೂದಿ ಬಣ್ಣದ ಮೈ, ಇನ್ನೂ ಹಗ್ಗದ ಗುರುತು ಬೀಳದ ಕೊರಳು. ಅವರು ಕುಕ್ಕರುಗಾಲಲ್ಲಿ ಕೂತು ಹಣೆಯಿಂದ ಶುರುಮಾಡಿದರು. ಬೆರಳು ಬೆನ್ನಿನ ಮೇಲೆ ನಿಧಾನಕ್ಕೆ ಸರಿಯುತ್ತಾ, ಭುಜದ ನಡುವಿನ ಸುಳಿಯ ಹತ್ತಿರ ನಿಂತು, ಕೂದಲು ತಿರುಗಿದ ದಿಕ್ಕಿನಲ್ಲೇ ಒಂದು ಸುತ್ತು ತಿರುಗಿತು. ಮುಖದ ಗೆರೆಗಳೆಲ್ಲ ಸಡಿಲವಾದವು. ಅಂಥ ಕರುವನ್ನು ಬಹಳ ವರ್ಷದಿಂದ ನೋಡಿರಲಿಲ್ಲವೆಂಬುದು ಗುರುಪ್ರಕಾಶನಿಗೂ ತಿಳಿಯಿತು. ಬೈಗುಳ ಬಂದ ಕೂಡಲೇ ನಗಲೆಂದು ಸರ್ವಮಂಗಳಮ್ಮ ಸೆರಗನ್ನು ಬಾಯಿಯ ಹತ್ತಿರ ಹಿಡಿದುಕೊಂಡಿದ್ದರು.

ಪುಟ್ಟರಂಗಯ್ಯ ಬಾಯಿ ತೆರೆದು ತಲೆಯೆತ್ತಿದರು. ಚಿಕ್ಕಮಾರಯ್ಯ ಫೋನನ್ನು ಅವರ ಕಡೆಗೇ ಎತ್ತಿ ಹಿಡಿದಿದ್ದ. ಅವರು ಅದನ್ನು ನೋಡಿದರು. ಆಮೇಲೆ ಗುರುಪ್ರಕಾಶನನ್ನು ನೋಡಿದರು. ಮಂಡಿಯ ಮೇಲೆ ಕೈಯೂರಿ ಎದ್ದು ನಿಂತರು.

"ತುಂಬ ಚೆನ್ನಾಗೈತೆ," ಎಂದರು. "ಸೂಪರ್ ಐತೆ ಕಣವ್ವ."

ಸರ್ವಮಂಗಳಮ್ಮ ಸೆರಗು ಕೆಳಗೆ ಬಿಟ್ಟರು.

"ಇನ್ನೊಂದ್ಸಲ ನೋಡಿ ಯಜಮಾನ್ರೇ," ಎಂದರು ಸಣ್ಣ ದನಿಯಲ್ಲಿ. "ಕಾಲು ಸಣ್ಣ ಅಲ್ವಾ? ಕಿವಿ ನೋಡಿ, ಮೊಲದ ಕಿವಿ ಇದ್ದಂಗೈತೆ. ಅಲ್ವಾ?"

"ಇಲ್ಲ ಕಣವ್ವ. ಎಲ್ಲಾ ಚೆನ್ನಾಗೈತೆ."

"ಒಂದ್ ಮಾತು ಅನ್ನಿ. ನಿಮ್ ಬಾಯಿಂದ ಒಂದ್ ಮಾತು."

ಅವರು ಕೈಮುಗಿದರು.

ಕರು ಎರಡು ಹೆಜ್ಜೆ ಮುಂದೆ ಬಂದು, ಅವರ ಕೈ ಕೆಳಗಿಳಿದ ಮೇಲೆ ಬೆರಳುಗಳನ್ನು ಒಂದೊಂದಾಗಿ ನೆಕ್ಕತೊಡಗಿತು. ಪುಟ್ಟರಂಗಯ್ಯ ಕೈಯನ್ನು ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಮುಖವನ್ನು ಮಾತ್ರ ಕೊಟ್ಟಿಗೆಯ ಗೋಡೆಯ ಕಡೆ ತಿರುಗಿಸಿ, ಅದರ ಹಾಲಿನ ಉಸಿರು ಅಂಗೈಗೆ ತಾಗುತ್ತಿರಲು, ಹಾಗೆಯೇ ನಿಂತಿದ್ದರು.